ಅರದಿಂದ ಉಜ್ಜಿದ ಬೆಸುಗೆ

ಕಿವಿಯೊಳಗಿನ ತೊಂದರೆಯಿಂದ ನನಗೆ ಆಗಾಗ ಸಮತೋಲ ತಪ್ಪತೊಡಗಿದಾಗ ಡಾಕ್ಟರು ಇನ್ನು ಸೈಕಲ್ ಬಿಟ್ಟುಬಿಡಿ ಎಂದರು. ಸೈಕಲ್ ಬಿಡಿಭಾಗಗಳ ಅಂಗಡಿಯಲ್ಲಿ ಆಯುಷ್ಯ ಕಳೆದವನು ನಾನು. ಎರಡು ಗಾಲಿ ಬೇಡವಾದರೆ ಮೂರು ಇರಲಿ ಎಂದುಕೊಂಡೆ. ಚೆನ್ನೈನ ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ನೆರೆಯಲ್ಲಿ ಮುಳುಗಿ ತುಕ್ಕು ಹಿಡಿದ ಸೈಕಲ್ಲುಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು. ಅವುಗಳಿಂದಲೇ ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ಒರಗಿ ಕೂತು ಕಾಲು ಚಾಚಿ ತುಳಿಯುವಂಥ ಒಂದು ಬಂಡಿ ಮಾಡಲು ಹೊರಟೆ.

“ಕುರ್ಚಿಗೆ ಗಾಲಿ ಹಚ್ತೀರೇನ್ರಿ? ಹಂಗೇ ನನ್ನ ಒಲಿಗೂ ಹಚ್ಚಿಬಿಡ್ರಿ, ಅಡ್ಡಾಡ್ಕೋತ ಅಡಿಗಿ ಮಾಡ್ತೀನಿ,” ಎಂದಳು ಹೆಂಡತಿ.

ಬೆಸುಗೆಯ ಕೆಲಸವನ್ನು ನಮ್ಮ ಬೀದಿಯ ತುದಿಯಲ್ಲಿ ಶೆಡ್ ಇಟ್ಟುಕೊಂಡಿದ್ದ ವೆಲ್ಡರನಿಗೆ ಕೊಟ್ಟೆ. ಹೊಸೂರು ಕಡೆಯವನು, ಕನ್ನಡ ಬರುತ್ತಿತ್ತು. ಸೀಟಿನ ಕೆಳಗೆ ಅಡ್ಡ ಪೈಪು ಸೇರುವ ಜಾಗದಲ್ಲಿ ಅವನ ಬೆಸುಗೆ ಎರೆಹುಳುಗಳ ಗಂಟಿನಂತೆ ಉಬ್ಬಿಕೊಂಡಿತ್ತು.

“ಪೈಪು ರೊಂಬ ತೆಳು ಸಾರ್. ಅದಕ್ಕೇ ದಪ್ಪಕ್ಕೆ ಹಾಕಿದೀನಿ. ನೋಡಕ್ಕೆ ಚೆನ್ನಾಗಿಲ್ಲ, ಗಟ್ಟಿ ಐತೆ. ಅದರ ಮೇಲೇ ಪೇಂಟ್ ಹೊಡ್ಕೊಳ್ಳಿ.”

ಅಂಗಡಿಯಲ್ಲಿ ಜೀವನವಿಡೀ ಹೊಳೆಯುವ ಹೊಸ ಸಾಮಾನು ಮಾರಿದ ನನ್ನ ಕಣ್ಣಿಗೆ ಆ ಗಂಟು ಸಹ್ಯವಾಗಲಿಲ್ಲ. ಮೂರು ದಿನ ಬಾಲ್ಕನಿಯಲ್ಲಿ ಕೂತು ಅರದಿಂದ ಉಜ್ಜಿ ಉಜ್ಜಿ ಪೈಪಿನ ಮಟ್ಟಕ್ಕೆ ತಂದೆ. ಬೆರಳಾಡಿಸಿದರೆ ಎಲ್ಲಿ ಕೂಡಿಸಿದ್ದೆಂದು ತಿಳಿಯಬಾರದು, ಹಾಗೆ. ಮೇಲೆ ನೀಲಿ ಬಣ್ಣ ಬಳಿದೆ.

ಬಂಡಿ ಕೆಳಗಿಳಿಸಿದ ಎರಡನೆಯ ದಿನ ಹೆಂಡತಿ ತಾನೂ ಒಂದು ಸುತ್ತು ಹೊಡೆಯುತ್ತೇನೆಂದು ಕೂತಳು. ಗೇಟಿನ ಉಬ್ಬು ದಾಟುವಾಗ ಬಂಡಿ ಸೀಟಿನ ಕೆಳಗೇ ಎರಡಾಯಿತು. ಅವಳ ಎಡ ಮಣಿಕಟ್ಟು ಮುರಿಯಿತು.

ಜನ ಓಡಿಬಂದರು. ಯಾರೂ ಏನೂ ಕೇಳುವ ಮೊದಲೇ ನಾನು, “ಅವನ ವೆಲ್ಡಿಂಗ್ ಬಿಟ್ಟಿತು” ಎಂದುಬಿಟ್ಟೆ.

ಸಂಜೆ ಅವನೇ ಬಂದ. ಮುರಿದ ಜಾಗದ ಮೇಲೆ ಹೆಬ್ಬೆರಳು ಎಳೆದ. ಅರದ ಗೀರುಗಳು ಅವನಿಗೆ ಕಾಣದೆ ಇರಲಿಲ್ಲ. ನನ್ನ ಮುಖ ನೋಡಿದ. “ಅಮ್ಮ ಹೇಗಿದಾರೆ ಸಾರ್?” ಎಂದಷ್ಟೇ ಕೇಳಿ ಹೋದ. ನಮ್ಮ ಕಟ್ಟಡದ ಮೆಟ್ಟಿಲುಗಳ ಕಂಬಿ ಕೆಲಸ ಅವನಿಗೆಂದು ಮಾತಾಗಿತ್ತು. ಅದು ಬೇರೆಯವರ ಪಾಲಾಯಿತು. ಆಮೇಲೆ ಬೀದಿಯವರು ಕಿಟಕಿಯ ಸರಳಿಗೂ ಅವನನ್ನು ಕರೆಯಲಿಲ್ಲ. ನಾನು ಬಾಯಿ ಬಿಡಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಒಂದು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಅವನ ಶೆಡ್ಡಿಗೆ ಹೋಗಿ, “ತಪ್ಪು ನನ್ನದು. ನಾನೇ ಉಜ್ಜಿದ್ದೆ” ಎಂದೆ.

ಅವನು ಕನ್ನಡಕ ಹಣೆಗೇರಿಸಿದ. “ನನಗೆ ಅವತ್ತೇ ಗೊತ್ತು. ಗೊತ್ತಿರೋನಿಗೆ ಬಂದು ಹೇಳಿ ಏನ್ ಪ್ರಯೋಜನ ಸಾರ್? ಗೊತ್ತಿಲ್ಲದೋರಿಗೆ ಹೇಳಿ.”

ಆ ತಿಂಗಳ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಎದ್ದು ನಿಂತೆ. ಅರ, ಬಣ್ಣ, ಸುಳ್ಳು, ಎಲ್ಲವನ್ನೂ ಬರುವಷ್ಟು ತಮಿಳಿನಲ್ಲಿ ಹೇಳಿದೆ. “ವಿಡುಂಗ ಅಂಕಲ್, ಪಳಯ ಕದೈ,” ಹಳೇ ಕಥೆ ಬಿಡಿ ಎಂದು ಯಾರೋ ನಕ್ಕರು. ನಾನು ಕೂರಲಿಲ್ಲ. ಇದನ್ನು ಸಭೆಯ ಪುಸ್ತಕದಲ್ಲಿ ಬರೆದುಕೊಳ್ಳಿ ಎಂದೆ. ಕಾರ್ಯದರ್ಶಿ ಒಲ್ಲದ ಮನಸ್ಸಿನಿಂದ ಬರೆದುಕೊಂಡರು.

ಹೆಂಡತಿ ಇದನ್ನು ಕೇಳಿದ್ದು ಅಲ್ಲೇ, ಮೊದಲ ಸಲ. ಮನೆಗೆ ಬಂದು ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು.

“ಕೈ ಮುರಿದದ್ದು ಹೋಗ್ಲಿ, ಅದು ಕೂಡ್ಕೊಂತು. ಒಂದು ವರ್ಷ ಪೂರಾ ಆ ಮನುಷ್ಯನ ಶೆಡ್ ಮುಂದ ಹಾಯುವಾಗೆಲ್ಲ ಮಾರಿ ತಿರುವಿಕೊಂಡು ಹೋಗೀನಲ್ರಿ ನಾನು. ಅವನು ನಮಸ್ಕಾರಮ್ಮ ಅಂದ್ರೂ ಉತ್ತರ ಕೊಟ್ಟಿಲ್ಲ. ನನ್ನ ಕಡೆಯಿಂದ ಇಂಥಾ ಪಾಪ ಮಾಡಿಸಿದ್ರಲ್ಲ.”



ಮರುದಿನ ಬೆಳಿಗ್ಗೆ ಅವಳು ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದಳು. ನಾನೂ ಬರಲೇ ಎಂದೆ. “ಬ್ಯಾಡ,” ಎಂದು ಒಬ್ಬಳೇ ಮೆಟ್ಟಿಲಿಳಿದು ಶೆಡ್ಡಿನ ಕಡೆಗೆ ಹೋದಳು.