ತುಳಿಹಲಗೆಯೂ ನನ್ನ ದವಡೆಹಲ್ಲೂ

ಬಾಯಿ ತೆರೆಯುವುದರಲ್ಲಿ ನಾನು ಸೋಮಾರಿಯಲ್ಲ. ಮೊಳಕಾಲ್ಮೂರಿನ ನಮ್ಮ ಬೀದಿಯ ಮಗ್ಗಗಳೆಲ್ಲ ನಿಂತರೂ ನನ್ನ ಬಾಯಿ ನಿಲ್ಲುವುದಿಲ್ಲ ಎಂದು ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆದರೆ ಚಳ್ಳಕೆರೆ ದವಾಖಾನೆಯ ಡಾಕ್ಟರು "ಎಲ್ಲಿ, ಬಾಯಿ ತೆಗಿ" ಎಂದ ಕೂಡಲೇ ಹಲ್ಲು ಕಚ್ಚಿ ಕೂರುತ್ತೇನೆ. ಕೂತರೂ ಕಡೆಗೆ ತೆರೆಯುತ್ತೇನೆ; ಅದಕ್ಕೆಂದೇ ದೀಪಾವಳಿಗೆ ಮುಂಚೆ ಒಮ್ಮೆ, ಯುಗಾದಿ ಕಳೆದ ಮೇಲೆ ಒಮ್ಮೆ, ಯಾವ ನೋವೂ ಇಲ್ಲದೆ ಗಾಡಿ ಕಟ್ಟಿಸಿಕೊಂಡು ಅಷ್ಟು ದೂರ ಹೋಗುತ್ತೇನೆ. ಉಂಡ ಮೇಲೆ ಛತ್ರಕ್ಕೆ ಹೋಗುವವನಂತೆ ಇವನು ಎಂದು ಬೀದಿಯವರು ನಗುತ್ತಾರೆ. ನಗಲಿ, ಅವರ ದವಡೆ ಅವರದು.

ನಮ್ಮ ಕಸುಬಿನಲ್ಲಿ ಹಲ್ಲು ಬರೀ ಊಟದ ಸಾಮಾನಲ್ಲ. ರೇಷ್ಮೆ ಎಳೆ ಕಡಿಯಲು ಕತ್ತರಿ ಹುಡುಕುವವನನ್ನು ನಮ್ಮವರು ನೇಕಾರನೆಂದು ಒಪ್ಪುವುದೇ ಇಲ್ಲ. ಎಳೆಯನ್ನು ಬಾಯಿಗೆ ಒಯ್ದು ಕಟಕ್ಕನೆ ಕಡಿದು ಮುಂದಕ್ಕೆ ಹೋಗಬೇಕು. ಹಾಗೆ ಕಡಿದು ಕಡಿದು ನಾಯನನ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಕಚ್ಚು ಬಿದ್ದಿದೆ. ನಾಯನ ಎಂದರೆ ನಮ್ಮಪ್ಪ. ಮನೆಮಾತು ತೆಲುಗಾದ್ದರಿಂದ ನಮಗೆ ಅಪ್ಪ ನಾಯನ. ಅಪ್ಪನಿಗೆ ಮುದ್ದು ಬಂದಾಗ ಮಗನೂ ನಾಯನ. ಮುದ್ದು ಬರುವುದು ಅಪರೂಪ.

ಹಲ್ಲುಜ್ಜುವುದನ್ನು ಶಾಸ್ತ್ರದವರು ಕಡೆಗಣಿಸಿಲ್ಲ. ಯಾವ ಮರದ ಕಡ್ಡಿ, ಯಾವ ದಿಕ್ಕಿಗೆ ಮುಖ, ಯಾವ ತಿಥಿಯಲ್ಲಿ ಕಡ್ಡಿ ಮುಟ್ಟಬಾರದು ಎಂದೆಲ್ಲ ಹೇಳಿದ್ದಾರೆ. ಅಮಾವಾಸ್ಯೆಯ ದಿನ ಬಾಯಿ ಮುಕ್ಕಳಿಸಿದರೆ ಸಾಕೆಂಬ ಒಂದು ಮಾತನ್ನು ಮಾತ್ರ ನಾನು ಭಕ್ತಿಯಿಂದ ಹಿಡಿದುಕೊಂಡೆ. ಬರಬರುತ್ತ ನನಗೆ ಎಲ್ಲ ದಿನವೂ ಅಮಾವಾಸ್ಯೆಯಾಯಿತು. ಅದರ ಫಲ ಮೇಲಿನ ದವಡೆಯ ಒಂದು ಹಲ್ಲಿನಲ್ಲಿ ಕಾಣಿಸಿಕೊಂಡಿತು. ಲವಂಗ ಇಟ್ಟೆ, ಉಪ್ಪು ಒತ್ತಿದೆ, ಹೊಗೆಸೊಪ್ಪು ತುಂಬಿದೆ. ನೋವು ಒಂದೆರಡು ದಿನ ನೆಂಟರ ಮನೆಗೆ ಹೋದಂತೆ ಹೋಗಿ ಮತ್ತೆ ಬರುತ್ತಿತ್ತು.

ಈಗ ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ನಮ್ಮ ಮಗ್ಗ ನೆಲದಲ್ಲಿ ತೋಡಿದ ಗುಂಡಿಯ ಮೇಲಿರುತ್ತದೆ. ನೇಯುವವನು ಗುಂಡಿಗೆ ಕಾಲು ಇಳಿಬಿಟ್ಟು ಕೂತು ಕೆಳಗಿನ ತುಳಿಹಲಗೆಗಳನ್ನು ಒತ್ತುತ್ತಾನೆ. ಮಕ್ಕಳ ಹಾಲುಹಲ್ಲು ಅಲುಗಾಡತೊಡಗಿದರೆ ಹುರಿ ಮಾಡಿದ ರೇಷ್ಮೆಯನ್ನು ಹಲ್ಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ತುಳಿಹಲಗೆಗೆ ಬಿಗಿದು, ಮಗುವನ್ನು ಗುಂಡಿಯ ಅಂಚಿನಲ್ಲಿ ಕೂರಿಸಿ, ಏನೋ ಕಥೆ ಹೇಳುತ್ತ ಒಮ್ಮೆ ತುಳಿದರೆ ಮುಗಿಯಿತು. ಮಗು ಅಳಬೇಕೆಂದು ನೆನಪಾಗುವಷ್ಟರಲ್ಲಿ ಹಲ್ಲು ಹಲಗೆಯ ಮೇಲೆ ಬಿದ್ದಿರುತ್ತದೆ. ನಮ್ಮ ಬೀದಿಯಲ್ಲಿ ಈ ಕೆಲಸಕ್ಕೆ ನಾಯನನ ಕಾಲೇ ಹೆಸರುವಾಸಿ.

ನನ್ನ ನೋವಿಗೂ ಅದೇ ಮದ್ದು ಎಂದ ನಾಯನ. ಆದರೆ ನನ್ನದು ಹಾಲುಹಲ್ಲಲ್ಲ. ಅಲುಗಾಡುತ್ತಲೂ ಇರಲಿಲ್ಲ. ಅದನ್ನು ಹೇಳಿಯೂ ನೋಡಿದೆ. ಜಟಿಂಗ ರಾಮೇಶ್ವರದ ಬೆಟ್ಟದ ಬಂಡೆಯ ಮೇಲೆ ಯಾವುದೋ ಕಾಲದ ರಾಜ ತಂದೆತಾಯಿಯ ಮಾತು ಕೇಳಬೇಕೆಂದು ಕೆತ್ತಿಸಿದ್ದಾನೆ ಎಂದು ಓದಿದವರು ಹೇಳುತ್ತಾರೆ. ಆ ರಾಜನಿಗೆ ನಮ್ಮ ನಾಯನನ ಪರಿಚಯವಿರಲಿಲ್ಲ. ನಾನು ಹೋಗಿ ಗುಂಡಿಯ ಅಂಚಿನಲ್ಲಿ ಕೂತೆ.

ನಾಯನ ಸೀರೆಯ ಹಾಸಿನ ಉದ್ದ ಎಳೆಗಳಿಗೆಂದು ಇಟ್ಟಿದ್ದ ಒಳ್ಳೆಯ ರೇಷ್ಮೆಯನ್ನೇ ತೆಗೆದು, ಮಡಿಸಿ ಹುರಿ ಮಾಡಿ, ಹಲ್ಲಿನ ಬುಡಕ್ಕೆ ಬಿಗಿದ. "ನಮ್ಮ ಎಳೆ ಕಿತ್ತೋಗಲ್ಲ, ಹೆದರಬ್ಯಾಡ" ಎಂದ. ನನ್ನ ಹೆದರಿಕೆಯೂ ಅದೇ ಆಗಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನಾಯನ ಕಥೆ ಶುರುಮಾಡಿದ. ದೊಡ್ಡವನಿಗೆ ಯಾವ ಕಥೆ ಹೇಳಬೇಕೆಂದು ತೋಚದೆ ನಡುವೆ ನಿಲ್ಲಿಸಿ ತುಳಿದುಬಿಟ್ಟ.

ತಲೆಯೊಳಗೆ ಏನೋ ಸೀಳಿದ ಸದ್ದಾಯಿತು. ನಾಯನ ಬಗ್ಗಿ ಹುರಿ ಎತ್ತಿ ನೋಡಿ, "ಎಳೆ ಕಿತ್ತಿಲ್ಲ ನೋಡು" ಎಂದ, ಹೆಮ್ಮೆಯಿಂದಲೇ. ಆಮೇಲೆ ಹುರಿಯಲ್ಲಿ ಸಿಕ್ಕಿಕೊಂಡಿದ್ದು ಅರ್ಧ ಹಲ್ಲು ಮಾತ್ರ ಎಂಬುದನ್ನು ಕಂಡ. ಬೇರು ನನ್ನ ದವಡೆಯಲ್ಲೇ ಇತ್ತು.

ಮಾರನೆಯ ದಿನ ಕೆನ್ನೆ ಊದಿತು. ಅದರ ಮಾರನೆಯ ದಿನ ಜ್ವರ. ಊತ ಮೇಲಕ್ಕೇರಿ ಕಣ್ಣಿನ ಕೆಳಗೆ ಬಂದು ನಿಂತಿತು. ಪಕ್ಕದ ಮನೆಯ ನೇಕಾರ ಹೀಗೇ ಹಲ್ಲುನೋವೆಂದು ಮಲಗಿ, ಕಣ್ಣು ಮುಚ್ಚಿಹೋಗಿ, ಮತ್ತೆ ಏಳದೇ ಹೋದದ್ದನ್ನು ಎಲ್ಲರೂ ನೋಡಿದ್ದೆವು. ನನ್ನ ಕಣ್ಣೂ ಮುಚ್ಚತೊಡಗಿತು. ನನಗೆ ಸಾವಿನ ಭಯವಾಯಿತು. ಅದನ್ನು ಸುತ್ತಿ ಬಳಸಿ ಹೇಳುವುದೇನೂ ಇಲ್ಲ.

ನಾಯನ ಗಾಡಿ ತಂದ. ಚಳ್ಳಕೆರೆಯ ದಾರಿ ಅಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ದವಡೆಯೊಳಗೆ ತುಳಿಹಲಗೆ ತುಳಿದಂತಾಗುತ್ತಿತ್ತು. ಕೊಂಡ್ಲಹಳ್ಳಿಯಲ್ಲಿ ತಂಗಿದಾಗ ಯಾರೋ ತಾಯಿ ಹಾಲು ಕೊಟ್ಟರೆ ನುಂಗಲಾಗದೆ ಅರ್ಧ ಎದೆಯ ಮೇಲೆ ಚೆಲ್ಲಿಕೊಂಡೆ. ನಾಯನ ದಾರಿಯುದ್ದಕ್ಕೂ ನನ್ನ ಊದಿದ ಕಣ್ಣನ್ನೇ ನೋಡುತ್ತಿದ್ದ. ಕೇಳುತ್ತಿದ್ದದ್ದು ಒಂದೇ, ನಾನು ಕಾಣಿಸ್ತೀನಾ ಎಂದು. ನಾನು ಹೂಂ ಎಂದು ತಲೆ ಆಡಿಸುತ್ತಿದ್ದೆ. ಕೊನೆಕೊನೆಗೆ ಆ ಕಣ್ಣಿಗೆ ಅವನು ಕಾಣದಿದ್ದಾಗಲೂ ಆಡಿಸಿದೆ.

ಡಾಕ್ಟರು ಬಾಯಿ ನೋಡಿ, ಇದನ್ನು ಮುರಿದವರು ಯಾರು ಎಂದರು.

"ನಾನೇರಿ" ಎಂದ ನಾಯನ.

"ಯಾವುದರಿಂದ?"

"ಮಗ್ಗದಿಂದ್ರಿ."

ಡಾಕ್ಟರು ಇಕ್ಕಳವನ್ನು ಕುದಿಯುವ ನೀರಿಗೆ ಹಾಕಿಸಿ, ನನ್ನ ತಲೆ ಗಟ್ಟಿಯಾಗಿ ಹಿಡಿದುಕೊಳ್ಳಲು ನಾಯನನಿಗೆ ಹೇಳಿದರು. ಕೂದಲಿಗಿಂತ ಸಣ್ಣ ಎಳೆಗಳನ್ನು ನಡುಗದೆ ಗಂಟು ಹಾಕುವ ಕೈ ನನ್ನ ಕಿವಿಗಳ ಮೇಲೆ ಗಡಗಡ ನಡುಗುತ್ತಿತ್ತು. ಬೇರು ಬಂತು, ಕೀವು ಬಂತು, ನಾನು ಕೂಗಿದ್ದು ಸಂತೆಯವರೆಗೂ ಕೇಳಿರಬೇಕು. ನಾನು ಅಲ್ಲೇ ಉಳಿದು ಊದಿದ ಕಣ್ಣು ಬಿಡುವವರೆಗೂ ನಾಯನ ದವಾಖಾನೆಯ ಜಗುಲಿ ಬಿಟ್ಟು ಕದಲಲಿಲ್ಲ.

ಹೊರಡುವಾಗ ಡಾಕ್ಟರು ಬುದ್ಧಿ ಹೇಳಿದರು. ಬೆಳಿಗ್ಗೆ ಉಜ್ಜಿದಂತೆ ರಾತ್ರಿ ಉಂಡ ಮೇಲೂ ಉಜ್ಜಬೇಕು, ಉಪ್ಪುನೀರಲ್ಲಿ ಮುಕ್ಕಳಿಸಬೇಕು, ಎಲೆಅಡಿಕೆ ದವಡೆಯಲ್ಲಿಟ್ಟು ಮಲಗಬಾರದು, ಹಲ್ಲಿನಿಂದ ಎಳೆ ಕಡಿಯಬಾರದು. ಇಷ್ಟಕ್ಕೆ ನಾಯನ ತಲೆದೂಗಿದ. ನೋವಿಲ್ಲದಿದ್ದರೂ ವರ್ಷಕ್ಕೆರಡು ಸಲ ಬಂದು ತೋರಿಸಬೇಕು ಎಂದದ್ದು ಮಾತ್ರ ಅವನಿಗೆ ತಿಳಿಯಲಿಲ್ಲ. ಗಾಡಿ ಅರ್ಧ ದಾರಿ ಬಂದ ಮೇಲೆ ತನ್ನಷ್ಟಕ್ಕೇ ಎಂಬಂತೆ ಹೇಳಿದ: "ಮಗ್ಗಕ್ಕೆ ಕೂರೋ ಮುಂಚೆ ಹಾಸಿನ ಮ್ಯಾಲೆ ಕೈ ಆಡಿಸ್ತೀವಲ್ಲ, ಎಲ್ಲಿ ಎಳೆ ಸವೆದೈತೆ ಅಂತ. ಇದೂ ಅಂಗೇ ಇರ್ಬೇಕು."

ಯುಗಾದಿ ಕಳೆದ ಮೇಲೆ ಹೋದಾಗ ಅವನೂ ಬಂದ. ನನ್ನ ಬಾಯಲ್ಲಿ ಏನೂ ಇಲ್ಲ ಎಂದರು ಡಾಕ್ಟರು. ನಾನು ಎದ್ದೆ. ಯಾರೂ ಕರೆಯದೆಯೇ ನಾಯನ ಬಂದು ನಾನು ಕೂತಿದ್ದ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನ ಬಾಯಿಯ ಒಳಗನ್ನು ನಾನು ನೋಡಿರಲಿಲ್ಲ. ಹಿಂದಿನ ಹಲ್ಲೊಂದು ಬುಡದವರೆಗೆ ಕಪ್ಪಾಗಿತ್ತು. ಎಂದಿನಿಂದ ನೋವು ಎಂದು ಡಾಕ್ಟರು ಕೇಳಿದರೆ, ಇವನ ಹಲ್ಲು ಮುರಿಯೋಕೆ ಮುಂಚಿಂದಲೂ ಎಂದ. ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ. ಹೇಳಿದ್ದರೆ ತುಳಿಹಲಗೆಗೆ ಕಟ್ಟುತ್ತಿದ್ದಿರಿ ಎಂದು ಅವನಿಗೆ ಭಯವಿತ್ತಂತೆ. ಬೀದಿಯ ಮಕ್ಕಳನ್ನೆಲ್ಲ ಹೆದರಬ್ಯಾಡ ಅಂದ ಮನುಷ್ಯ!

ಡಾಕ್ಟರು ಇಕ್ಕಳ ಎತ್ತಿಕೊಂಡರು. ದವಾಖಾನೆಯ ಆಳು ಬಂದು ತಲೆ ಹಿಡಿಯಹೋದರೆ ನಾಯನ ಕೈ ಅಡ್ಡ ಮಾಡಿ ನನ್ನ ಕಡೆ ನೋಡಿದ.

"ನೀನು ಹಿಡ್ಕೋ ನಾಯನಾ."

ಹಿಡಿದುಕೊಂಡೆ. ನಡುಗಿದ್ದು ಅವನ ತಲೆಯೋ ನನ್ನ ಕೈಯೋ ಇವತ್ತಿಗೂ ಹೇಳಲಾರೆ.

ಈಗ ನಮ್ಮ ಮಗ್ಗದ ಪಕ್ಕದಲ್ಲಿ ಒಂದು ಸಣ್ಣ ಕತ್ತರಿ ನೇತಾಡುತ್ತದೆ. ನಾಯನ ಮಾತ್ರ ಈಗಲೂ ಎಳೆಯನ್ನು ಬಾಯಿಯವರೆಗೆ ಒಯ್ಯುತ್ತಾನೆ, ಅಲ್ಲಿ ನೆನಪಾಗಿ, ಕಳ್ಳನ ಹಾಗೆ ಸುತ್ತ ನೋಡಿ ಕತ್ತರಿ ತೆಗೆದುಕೊಳ್ಳುತ್ತಾನೆ. ಚಳ್ಳಕೆರೆಗೆ ಇಬ್ಬರೂ ಜೊತೆಯಲ್ಲೇ ಹೋಗುತ್ತೇವೆ. ಬರುವಾಗ ಕೊಂಡ್ಲಹಳ್ಳಿ ಹತ್ತಿರವಾದಂತೆ, ಡಾಕ್ಟರ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ನಾಯನ, ಡಾಕ್ಟರು ನಿನಗೇನಂದ್ರು ಎಂದು ನನ್ನನ್ನು ಕೇಳುತ್ತಾನೆ. ಏನೂ ಇಲ್ಲ ಅಂದ್ರು ಎನ್ನುತ್ತೇನೆ. ಅವನು ಒಂದು ಗಳಿಗೆ ನನ್ನ ಕಣ್ಣನ್ನೇ ನೋಡಿ, ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎನ್ನುತ್ತಾನೆ.