ಹೊಟ್ಟಿನೊಳಗೆ ಕಂಡ ಬೆಳಕಿನ ದಾರಿ

ಉಪಗ್ರಹಗಳು ನೆಲದ ಕೇಂದ್ರದ ಜೊತೆ ಲೇಸರ್ ಬೆಳಕಿನಲ್ಲಿ ಮಾತಾಡುತ್ತವೆ ಎಂದಾಗ ಸುರಪುರದ ನನ್ನ ಏಳನೇ ಕ್ಲಾಸಿನ ಮಕ್ಕಳು ಗೊಳ್ಳೆಂದು ನಕ್ಕರು. "ನಾಳಿ ತೋರಸ್ತೀನಿ, ತಡೀರಿ" ಎಂದು ಮಾತು ಕೊಟ್ಟು ಬಂದೆ.

ಸಂಜೆ ನಮ್ಮ ಮಾಳಿಗೆಯೇ ನೆಲದ ಕೇಂದ್ರ. ಎದುರು ಮನೆಯ ಕಾಕಾ ತಮ್ಮ ಮಾಳಿಗೆಯ ಮೇಲೆ ಸಣ್ಣ ಸೋಲಾರ್ ಬಿಲ್ಲೆ, ಸ್ಪೀಕರು ಹಿಡಿದು ಉಪಗ್ರಹವಾಗಿ ನಿಂತರು. ನನ್ನ ಅತ್ತೆ ಫೋನಿಗೆ ಹಾಡಿಕೊಟ್ಟ ಸೋಬಾನೆ ಪದ, ಆ ಫೋನಿಗೆ ಜೋಡಿಸಿದ ಲೇಸರ್ ಹತ್ತಿ ಅಲ್ಲಿಗೆ ಹೋಗಬೇಕು; ಬೆಳಕು ಬಿಲ್ಲೆಗೆ ಬಿದ್ದರೆ ಸ್ಪೀಕರು ಹಾಡುತ್ತದೆ. ಆದರೆ ಬೆಳಕಿನ ಎಳೆ ಗಾಳಿಯಲ್ಲಿ ಕಾಣುವುದೇ ಇಲ್ಲ. ಅರ್ಧ ತಾಸು ಹೆಣಗಿದರೂ ಬಿಲ್ಲೆಗೆ ಬೀಳಲಿಲ್ಲ.

"ಏನವ್ವಾ, ನಿನ್ನ ಉಪಗ್ರಹಕ್ಕ ಕೈ ನೋಯಾಕತ್ಯಾವ!" ಎಂದು ಕಾಕಾ ಕೂಗಿದರು.

ಅಷ್ಟರಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಮೊರ ಹಿಡಿದು ತೊಗರಿ ಕೇರಲು ಕೂತರು. "ಅತ್ತಿ, ಬ್ಯಾಡ್ರಿ, ಧೂಳು ಬೆಳಕಿಗೆ ಅಡ್ಡ ಬರ್ತದ" ಎನ್ನುವುದರೊಳಗೆ ಹೊಟ್ಟು ಹಾರಿತು. ಅದರೊಳಗೆ ಕೆಂಪು ದಾರದಂಥ ಎಳೆ ಎದ್ದು ಕಂಡಿತು. ನೇರ ಕಾಕಾನ ಮೊಣಕೈಗೆ ಹೊರಟಿತ್ತು!

"ಕೇರ್ರಿ ಅತ್ತಿ, ಕೇರ್ರಿ!"

"ಈಗ ಬ್ಯಾಡ ಅಂದಿ, ಈಗ ಕೇರು ಅಂತಿ. ತಲಿ ನೆಟ್ಟಗ ಅದನೋ ಇಲ್ಲೋ?"

ಎಳೆ ನೋಡಿಕೊಂಡು ಲೇಸರನ್ನು ತುಸು ತಿರುಗಿಸಿದೆ. ಎದುರು ಮಾಳಿಗೆಯಿಂದ ಅತ್ತೆಯ ದನಿ ಹಾಡತೊಡಗಿತು. ಖುಷಿಗೆ ಕಾಕಾ ಕುಣಿದರು, ಹಾಡು ಕಡಿಯಿತು.

"ಅಲ್ಲಾಡಬ್ಯಾಡೋ, ನನ್ನ ಪದ ಕಡೀತು!" ಎಂದು ಅತ್ತೆ ಗದರಿದರು.

ಮರುದಿನ ಶಾಲೆಗೆ ಹೊರಟಾಗ ಅತ್ತೆ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಬಗಲಲ್ಲಿ ಮೊರ, ಕೈಯಲ್ಲಿ ಒಂದು ಚೀಲ ಹೊಟ್ಟು.