ನಲವತ್ತೊಂದನೆಯ ಮನೆ

ಮಾಳಪ್ಪ ಚೌಡವ್ವನನ್ನು ಮೊದಲು ನೋಡಿದ್ದು 1977ರ ಜನವರಿಯ ಒಂದು ಮಂಗಳವಾರ, ಬೆಳಗಿನ ಹತ್ತರ ಸುಮಾರಿಗೆ. ಶಿಗ್ಗಾವಿಯಿಂದ ಬಂದ ಬಸ್ಸು ಅವನನ್ನು ಹಿರೇಬೆಂಡಿಗೇರಿಯಲ್ಲಿ ಇಳಿಸಿ ಹೋಗಿತ್ತು. ಒಂದು ಹೆಗಲಿಗೆ ಬಟ್ಟೆಯ ಚೀಲ, ಇನ್ನೊಂದು ಹೆಗಲಿಗೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಹಿ ಹಾಕಿ ತಂದಿದ್ದ ಟೇಪ್ ರೆಕಾರ್ಡರ್. ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಒಣಮೆಣಸಿನಕಾಯಿ ಸುರುವಿಕೊಂಡು ತೊಟ್ಟು ಮುರಿಯುತ್ತಿದ್ದಳು. ಮಾಸಿದ ಹಸಿರು ಸೀರೆ. ಘಾಟಿಗೆ ಸೆರಗನ್ನು ಮೂಗಿನ ಮೇಲೆ ಬಿಗಿದುಕೊಂಡಿದ್ದರಿಂದ ಕಣ್ಣು ಮಾತ್ರ ಕಾಣುತ್ತಿದ್ದವು. ಗುತ್ತೆಪ್ಪನ ಮನೆ ಇದೇ ಏನು ಎಂದು ಕೇಳಲು ಮಾಳಪ್ಪ ಬಾಯಿ ತೆರೆದ. ಮಾತಿನ ಬದಲು ಒಂದರ ಹಿಂದೊಂದು ಏಳು ಸೀನು ಬಂದವು.

"ಯಾರವಾ ಅದು, ಎಮ್ಮಿ ಸೀನಿದಂಗ ಸೀನಾಕತ್ತಾನ?" ಎಂದು ಒಳಗಿನಿಂದ ಅತ್ತೆ ಅಡಿವೆವ್ವನ ದನಿ ಬಂತು.

"ಯಾರೋ ಓದಿದವರು ಬಂದಾರ್ರಿ ಅತ್ತಿ."

"ಓದಿದವರಿಗೂ ಮೂಗು ಐತಿ ಅಂದಂಗಾತು. ನೀರು ಕೊಡು."

ಚೌಡವ್ವ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮಾಳಪ್ಪ ನಕ್ಕ. ಅವಳು ನಗಲಿಲ್ಲ. ಮತ್ತೆ ಕೂತು ತೊಟ್ಟು ಮುರಿಯತೊಡಗಿದಳು.

ಮಾಳಪ್ಪ ಹಾನಗಲ್ಲ ತಾಲೂಕಿನ ತಿಳವಳ್ಳಿಯವನು. ಅವನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಮೇಲೆ ಪ್ರೊಫೆಸರರು ಅವನಿಗೊಂದು ಸಂಶೋಧನೆ ಹಚ್ಚಿಕೊಟ್ಟಿದ್ದರು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ಮಗುವನ್ನು ಕಳೆದುಕೊಂಡ ಮನೆಗಳಿಗೆ ಹೋಗಬೇಕು. ಮನೆಯ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿಕೊಂಡು, ಮಗು ಯಾಕೆ ಸತ್ತಿತು ಎಂದು ಅವರಿಗೆ ಅನಿಸುತ್ತದೆ, ಅದಕ್ಕೂ ಮೊದಲು ಏನಾಯಿತು ಎಂದು ಕೇಳಬೇಕು. ಆಮೇಲೆ ಟೇಪು ಕೇಳಿ ಎಲ್ಲವನ್ನೂ ಬರೆದು, ಅವರು ಹೇಳಿದ ಒಂದೊಂದು ಕಾರಣವನ್ನೂ ಒಂದೊಂದು ಚೀಟಿಗೆ ಇಳಿಸಿ, ಕಾರಣದಿಂದ ಪರಿಣಾಮಕ್ಕೆ ಬಾಣ ಹಾಕಬೇಕು.

"ಖರೆನೋ ಸುಳ್ಳೋ ಅಂತ ನೋಡೋದು ಡಾಕ್ಟರ ಕೆಲಸ," ಎಂದಿದ್ದರು ಪ್ರೊಫೆಸರರು. "ಜನ ಏನು ನಂಬ್ಯಾರ ಅನ್ನೋದಷ್ಟ ನಮ್ಮದು. ಮತ್ತ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿತ್ತಂದ್ರ ನಿನ್ನ ಸಂಶೋಧನೆ ಸತ್ತಂಗ."

ಗುತ್ತೆಪ್ಪನದು ನಲವತ್ತೊಂದನೆಯ ಮನೆ. ಹಿಂದಿನ ವರ್ಷದ ಆಷಾಢದಲ್ಲಿ ಐದು ವರ್ಷದ ಮಂಜವ್ವ ಅಲ್ಲಿ ಉಸಿರು ಕಟ್ಟಿಸುವ ಗಂಟಲಮಾರಿ ರೋಗದಿಂದ ತೀರಿಕೊಂಡಿದ್ದಳು. ಆ ಮನೆಗೆ ಅವಳೊಬ್ಬಳೇ ಮಗು.

ಮೊದಲು ಕೂತವಳು ಅಡಿವೆವ್ವ. "ನನ್ನ ದನಿ ಈ ಡಬ್ಬಿಯೊಳಗ ಹೊಕ್ಕರ ಮನ್ಯಾಗ ಬೈಯಾಕ ಏನು ಉಳೀತೈತೋ ತಮ್ಮಾ?" ಎಂದು ನಗೆಯಾಡಿದವಳು, ಮಂಜವ್ವನ ಹೆಸರು ಬಂದೊಡನೆ ದನಿ ತಗ್ಗಿಸಿದಳು. ಸೊಸೆ ಬೇಡವೆಂದಿದ್ದರೂ ಮೊಮ್ಮಗಳು ಹಟ ಹಿಡಿದಳೆಂದು ಸೈಕಲ್ಲಿನವನಿಂದ ಐಸ್ ಕ್ಯಾಂಡಿ ಕೊಡಿಸಿದ್ದಳಂತೆ. ಹಿತ್ತಲಲ್ಲಿ ಕೂರಿಸಿ ತಿನ್ನಿಸಿ, ತುಟಿಯ ಕೆಂಪನ್ನು ತನ್ನ ಸೆರಗಿನಿಂದಲೇ ಒರೆಸಿದ್ದಳಂತೆ. ಮರುದಿನ ಹುಡುಗಿಗೆ ಗಂಟಲು ನೋವು. "ನಾನ ಕೊಂದ್ನಿ. ಯಾರಿಗೂ ಹೇಳಬ್ಯಾಡಪಾ."

ಮಾಳಪ್ಪ ಮಾತು ಕೊಟ್ಟ.

ಗುತ್ತೆಪ್ಪ ದನದ ಮನೆಯಲ್ಲಿ ಮಾತಾಡಿದ. ಆ ವರ್ಷ ಸೂಜಿ ಎಂದರೆ ಸಂತಾನ ಕೆಡಿಸುವ ಸೂಜಿ ಎಂಬ ಗುಲ್ಲು ಊರೂರಿಗೆ ಹಬ್ಬಿತ್ತು. ಮಕ್ಕಳಿಗೆ ಲಸಿಕೆ ಹಾಕಲು ಬಂದಿದ್ದ ನರ್ಸಬಾಯಿಯನ್ನು ಅವನು ಬಾಗಿಲಲ್ಲೇ ಬೈದು ಕಳಿಸಿದ್ದ. ಮಗಳು ಸತ್ತ ದಿನ ಶಿಗ್ಗಾವಿ ದವಾಖಾನೆಯ ಡಾಕ್ಟರು, ಆ ಸೂಜಿ ಹಾಕಿಸಿದ್ದರೆ ಬದುಕುತ್ತಿತ್ತು ಎಂದರು. ಅದನ್ನು ಕೇಳಿಸಿಕೊಂಡವನು ಅವನೊಬ್ಬನೇ. "ಅವತ್ತಿನಿಂದ ಹೇಣ್ತಿ ಮಾರಿ ನೋಡಾಕ ಆಗವಲ್ದರಿ ನನಗ," ಎಂದ. ಅವನಿಗೂ ಮಾಳಪ್ಪ ಮಾತು ಕೊಟ್ಟ.

ಕೊನೆಗೆ ಚೌಡವ್ವ. ಅತ್ತೆ ನೀರಿಗೆ, ಗಂಡ ಹೊಲಕ್ಕೆ ಹೋದ ಮೇಲೆ ಅವಳು ಒಳಗಿನಿಂದ ಒಂದು ಜೋಳದ ರೊಟ್ಟಿ ತಂದಳು.

"ಇದನ್ನ ಮುಟ್ಟಿ ಆಣಿ ಮಾಡ್ರಿ ಅಣ್ಣಾರ. ನಾ ಹೇಳಿದ್ದು ಈ ಮನ್ಯಾಗ ಯಾರಿಗೂ ಗೊತ್ತಾಗಬಾರದು. ಅವರು ಹೇಳಿದ್ದು ನನಗೂ ಬ್ಯಾಡ."

ಮಾಳಪ್ಪ ರೊಟ್ಟಿ ಮುಟ್ಟಿದ. ಅದು ಇನ್ನೂ ಬೆಚ್ಚಗಿತ್ತು.

"ಅವತ್ತು ಮುಂಜಾನಿ ನಾ ರೊಟ್ಟಿ ಬಡ್ಯಾಕತ್ತಿದ್ನಿ," ಎಂದಳು ಚೌಡವ್ವ. ಮತ್ತೆ ಮೆಣಸಿನಕಾಯಿಯ ಮುಂದೆ ಕೂತಿದ್ದ ಅವಳ ಕೈ ತೊಟ್ಟು ಮುರಿಯುತ್ತಲೇ ಇತ್ತು. "ಕೂಸು ಯಾತಕ್ಕೋ ಒಂದ ಸವನ ಅಳಾಕತ್ತಿತ್ತು. ಎಷ್ಟು ರಮಿಸಿದರೂ ಬಿಡವಲ್ದು. ಸಿಟ್ಟು ಬಂತು. 'ನಿನ್ನ ಗಂಟಲಾ ಕಟ್ಟಲಿ' ಅಂದ್ನಿ." ಕೈ ನಿಂತಿತು. "ಐದು ದಿನಕ್ಕ ಗಂಟಲಾ ಕಟ್ಟೇ ಹೋತರಿ."

"ಮಕ್ಕಳನ್ನ ಹಂಗ ಎಲ್ಲಾರೂ ಬೈತಾರಲ್ರಿ. ನಮ್ಮವ್ವ ನನ್ನ ಹೆಣಾನ ದಿನಾ ಎತ್ತತಿದ್ದಳು."

"ನಿಮ್ಮವ್ವನ ಬಾಯಿ ಹುಸಿ ಇತ್ತು. ನಂದು ಖರೆ ಆತು."

"ನಿಮ್ಮ ಮನಿಯವರಿಗೆ ಇದು ಗೊತ್ತೈತೇನ್ರಿ?"

"ದನದ ಮನ್ಯಾಗ ಇದ್ದರು. ಕೇಳಿರತಾರ. ಅವತ್ತಿನಿಂದ ನನ್ನ ಮಾರಿ ನೋಡಿಲ್ಲ. ಮತ್ತೇನು ಬೇಕ್ರಿ?"

ಧಾರವಾಡದ ಕೋಣೆಯಲ್ಲಿ ಮಾಳಪ್ಪ ಆ ಟೇಪನ್ನು ಅದೆಷ್ಟು ಸಲ ಹಾಕಿದನೋ. ಮಾತಿನ ಹಿಂದೆ ತೊಟ್ಟು ಮುರಿಯುವ ಸಣ್ಣ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಆ ಬೈಗುಳದ ನಂತರ ಅದು ನಿಲ್ಲುತ್ತಿತ್ತು. ಹಗಲಲ್ಲಿ, ಕಿಟಕಿ ತೆರೆದಿಟ್ಟು, ಹೊರಗೆ ಹುಡುಗರು ಗದ್ದಲ ಹಾಕುತ್ತಿದ್ದಾಗಲೂ ಅವನಿಗೆ ಆ ನಿಂತ ಸದ್ದೇ ಕೇಳುತ್ತಿತ್ತು. ಬರೆದು ಮುಗಿಸಿ ಮೂರು ಚೀಟಿಗಳನ್ನು ಮೇಜಿನ ಮೇಲೆ ಇಟ್ಟ. ಐಸ್ ಕ್ಯಾಂಡಿಯಿಂದ ಒಂದು ಬಾಣ, ಸೂಜಿಯಿಂದ ಒಂದು, ಬೈಗುಳದಿಂದ ಒಂದು. ಮೂರೂ ಮಂಜವ್ವನ ಸಾವಿಗೆ ಬಂದು ನಾಟುತ್ತಿದ್ದವು. ಒಂದೇ ಸೂರಿನ ಕೆಳಗೆ ಮೂವರು, ತಾನೇ ಕೊಂದೆನೆಂದು ತಿಳಿದು, ಉಳಿದವರಿಗೆ ಗೊತ್ತಾದೀತೆಂದು ಮುಖ ತಪ್ಪಿಸಿಕೊಂಡು ಬದುಕುತ್ತಿದ್ದರು. ಇದು ಗೊತ್ತಿದ್ದದ್ದು ಜಗತ್ತಿನಲ್ಲಿ ಮಾಳಪ್ಪನೊಬ್ಬನಿಗೆ. ಅವನು ರೊಟ್ಟಿ ಮುಟ್ಟಿದ್ದ.

ಹೇಳಿದ್ದನ್ನು ಸರಿಯಾಗಿ ಬರೆದುಕೊಂಡಿದ್ದೇನೆಯೇ ಎಂದು ಓದಿ ತೋರಿಸಲು ಅವನು ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಹಿರೇಬೆಂಡಿಗೇರಿಗೆ ಹೋದ. ಪಡಸಾಲೆಯ ಮೂಲೆಯಲ್ಲಿ ಒಂದು ಬಟ್ಟೆಯ ಗಂಟು ಇತ್ತು.

"ಸೋಮವಾರ ತವರಿಗೆ ಹೊಂಟೇನ್ರಿ, ಹಿರೇಕೆರೂರ ಕಡೆ," ಎಂದಳು ಚೌಡವ್ವ. "ಮತ್ತ ಬರೂದಿಲ್ಲ. ಕೊಂದಾಕಿ ಕೈಯಾಗಿನ ರೊಟ್ಟಿ ಅವರು ಎಷ್ಟು ದಿನಾ ಅಂತ ತಿಂದಾರು?"

ಮಾಳಪ್ಪ ಕಾಗದಗಳನ್ನು ಚೀಲಕ್ಕೆ ತುರುಕಿ ಹೊಲಕ್ಕೆ ಓಡಿದ. ಗುತ್ತೆಪ್ಪ ಬಾವಿಯ ದಂಡೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ.

"ನನಗ ಹೇಳಿದ್ದನ್ನ ಅವರಿಗೆ ಒಂದ ಸಲ ಹೇಳಿಬಿಡ್ರಿ. ಕೈ ಮುಗೀತೇನಿ."

"ಹೇಳಿದರ? ಈಗ ಸುಮ್ಮನ ಹೊಂಟಾಳ. ಆಗ ಮಾರಿ ಮ್ಯಾಲೆ ಉಗುಳಿ ಹೋಗ್ತಾಳ."

"ಉಗುಳಂಗಿಲ್ರಿ ಅವರು. ಖರೇನ ಹೇಳಾಕತ್ತೇನಿ."

"ನಿಮಗ ಹೆಂಗ ಗೊತ್ತು?"

ಹೇಗೆ ಗೊತ್ತು ಎಂದು ಮಾಳಪ್ಪ ಹೇಳುವಂತಿರಲಿಲ್ಲ. "ಹಂಗಾರ ನಾನ ಹೇಳಲೇನ್ರಿ?" ಎಂದ.

ಗುತ್ತೆಪ್ಪ ಹಗ್ಗ ಬಿಟ್ಟ. "ನೀವು ಬಾಯಿ ಬಿಟ್ಟ ದಿನ ನನ್ನ ಹೆಣಾ ಈ ಬಾವ್ಯಾಗ ಹುಡುಕ್ರಿ. ಮಾತು ಕೊಟ್ಟೀರಿ."

ಮಾಳಪ್ಪನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಅವನು ತಡಸದ ಬಸ್ಸು ಹಿಡಿದು ಧಾರವಾಡಕ್ಕೆ ಮರಳಿದ. ಸೋಮವಾರ ಚೌಡವ್ವ ಗಂಟು ಹೊತ್ತು ಹೋದಳು. ಗುತ್ತೆಪ್ಪ ತಡೆಯಲಿಲ್ಲ. ಅಡಿವೆವ್ವನೂ ಸುಮ್ಮನಿದ್ದಳು. ತಾನು ತಡೆದು ಮಾತು ಬೆಳೆದರೆ ಆ ಕೆಂಪು ಐಸ್ ಕ್ಯಾಂಡಿಯ ವಿಷಯ ಹೊರಬಿದ್ದೀತೆಂದು ಅವಳಿಗೆ ಹೆದರಿಕೆ ಇದ್ದಿರಬೇಕು.

ಪ್ರಬಂಧ ಒಪ್ಪಿತವಾಯಿತು. ಮೌಖಿಕ ಪರೀಕ್ಷೆಗೆ ಬಂದಿದ್ದ ಹಿರಿಯರು ನಲವತ್ತೊಂದನೆಯ ಮನೆಯ ಬಾಣಗಳ ಚಿತ್ರದ ಮೇಲೆ ಬೆರಳಿಟ್ಟು, "ಈ ಮೂವರಿಗೆ ಒಬ್ಬರದು ಒಬ್ಬರಿಗೆ ಗೊತ್ತೇ?" ಎಂದು ಕೇಳಿದರು.

"ಇಲ್ಲ ಸರ್. ಗುಟ್ಟು ಕಾಪಾಡಿದ್ದೇನೆ."

"ಭೇಷ್," ಎಂದರು ಅವರು. ಆ ಒಂದು ಮಾತು ಮಾಳಪ್ಪನ ಬೆನ್ನು ಹತ್ತಿತು. ಮುಂದೆ ಹಾನಗಲ್ಲಿನಲ್ಲಿ ಉಪನ್ಯಾಸಕನಾಗಿ ಕಪ್ಪು ಹಲಗೆಯ ಮೇಲೆ ಬಾಣ ಎಳೆಯುವಾಗಲೆಲ್ಲ ಅವನ ಕೈ ಅದರ ತುದಿಗೆ ಬಂದು ನಿಲ್ಲುತ್ತಿತ್ತು.

1984ರ ಬೇಸಿಗೆಯಲ್ಲಿ ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಹಿರೇಬೆಂಡಿಗೇರಿಯವರೊಬ್ಬರು ಗುರುತು ಹಿಡಿದು ಮಾತಾಡಿಸಿದರು. ಗುತ್ತೆಪ್ಪ ಕಾಮಾಲೆಯಾಗಿ ತೀರಿಕೊಂಡು ತಿಂಗಳಾಗಿತ್ತು. ಹೆಂಡತಿ ಮಣ್ಣಿಗೆ ಬಂದು, ಅದೇ ದಿನ ತವರಿಗೆ ಹಿಂತಿರುಗಿದ್ದಳಂತೆ. ಮಾಳಪ್ಪ ಹಾನಗಲ್ಲಿಗೆ ಹೋಗಬೇಕಾದವನು ಹಿರೇಕೆರೂರಿನ ಬಸ್ಸು ಹತ್ತಿದ.

ಅಣ್ಣನ ಮನೆಯ ಅಂಗಳದಲ್ಲಿ ಚೌಡವ್ವ ಶೇಂಗಾ ಒಡೆಯುತ್ತಿದ್ದಳು. ತಲೆಯ ಮುಂಭಾಗ ನರೆತಿತ್ತು. "ಬರ್ರಿ ಅಣ್ಣಾರ, ಇವತ್ತು ಮೆಣಸಿನಕಾಯಿ ಇಲ್ಲ, ಹೆದರಬ್ಯಾಡ್ರಿ," ಎಂದಳು.

ಅವನು ಕೂತು, ಗುತ್ತೆಪ್ಪ ನರ್ಸಬಾಯಿಯನ್ನು ಕಳಿಸಿದ್ದು, ಡಾಕ್ಟರು ಹೇಳಿದ್ದು, ಅದಕ್ಕೇ ಅವಳ ಮುಖ ನೋಡಲಾರದೆ ಹೋದದ್ದು, ಬಾವಿಯ ದಂಡೆಯ ಮಾತು, ಇಬ್ಬರ ಕಾರಣವನ್ನೂ ತಾನು ಚೀಟಿಗೆ ಇಳಿಸಿ ಅಕ್ಕಪಕ್ಕ ಇಟ್ಟದ್ದು, ಎಲ್ಲವನ್ನೂ ಹೇಳಿದ. ಒಡೆಯುತ್ತಿದ್ದ ಕೈ ನಿಂತಿತು. ಏಳು ವರ್ಷ ಟೇಪಿನಲ್ಲಿ ಕೇಳಿದ್ದ ಆ ಮೌನ ಈಗ ಎದುರಿಗೇ ಇತ್ತು.

"ಯಾವಾಗ ಹೇಳಿದ್ದರು ನಿಮಗ?"

"ಎಪ್ಪತ್ತೇಳರಾಗ. ಮೊದಲನೇ ದಿನಾನ."

"ಅವರ ದನಿ ಐತೇನ್ರಿ ಆ ಡಬ್ಬಿಯೊಳಗ ಇನ್ನಾ? ಒಂದ ಸಲ ಕೇಳತಿದ್ನಿ."

ಆಗ ಟೇಪುಗಳು ಕಡಿಮೆ ಇದ್ದವು. ಬರೆದುಕೊಂಡಾದ ಮೇಲೆ ಗುತ್ತೆಪ್ಪನ ದನಿಯ ಮೇಲೆ ಮಾಳಪ್ಪ ಸವಣೂರಿನ ಮನೆಗಳ ಮಾತು ತುಂಬಿಕೊಂಡಿದ್ದ. "ಇಲ್ರಿ," ಎಂದ. "ನಾ ಅವತ್ತ ಹೇಳಬೇಕಾಗಿತ್ತು. ನೀವು ಮನಿ ಬಿಟ್ಟಿದ್ದು ನನ್ನಿಂದ."

"ರೊಟ್ಟಿ ಮುಟ್ಟಿಸಿದಾಕಿ ನಾನ ಅಲ್ರಿ?" ಎಂದಳು ಚೌಡವ್ವ. "ಅವರದು ನನಗ ಬ್ಯಾಡ ಅಂದಾಕಿನೂ ನಾನ. ಇದೂ ನನ್ನ ಬಾಯಿಂದ ಆತು."

"ಹಂಗಲ್ರಿ."

"ಅಲ್ಲಂದ್ರ ನಿಮ್ಮದನ್ನೂ ಒಂದು ಚೀಟ್ಯಾಗ ಬರಕೋರಿ. ನನ್ನ ಬಾಜೂಕ ಇಡ್ರಿ."

ಅವಳು ಇನ್ನೊಂದು ಶೇಂಗಾ ಒಡೆದು ತಲೆ ಎತ್ತಿದಳು. "ನಮ್ಮತ್ತಿ? ಆಕಿನೂ ಏನರ ಹೇಳಿರಬೇಕಲ್ಲ?"

ಅಡಿವೆವ್ವ ಬದುಕಿದ್ದಳು. ಆ ಮಾತು ಅವಳದು. ಮಾಳಪ್ಪ ನೆಲ ನೋಡುತ್ತ ಕೂತ.

"ಸುಮ್ಮನ ಕುಂತ್ರಲ್ಲ, ಗೊತ್ತಾತು ಬಿಡ್ರಿ," ಎಂದು ಚೌಡವ್ವ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಪಾಪ, ಮುದುಕಿ. ಒಬ್ಬಾಕೇ ಕುಂತಿರತಾಳ." ಒಳಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದಳು.

ಮರುವರ್ಷ ಮಾಳಪ್ಪ ಒಮ್ಮೆ ಹಿರೇಬೆಂಡಿಗೇರಿಗೆ ಹೋಗಿದ್ದ. ಕಟ್ಟೆಯ ಮೇಲೆ ಅತ್ತೆ ಸೊಸೆ ಅಕ್ಕಪಕ್ಕ ಕೂತಿದ್ದರು. ಅಡಿವೆವ್ವ ಏನೋ ಹೇಳುತ್ತಿದ್ದಳು. ಚೌಡವ್ವ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಏನೆಂದು ದೂರಕ್ಕೆ ತಿಳಿಯಲಿಲ್ಲ. ನೂರಾರು ಜನರನ್ನು ಯಾಕೆ ಯಾಕೆ ಎಂದು ಕೇಳಿದವನು ಅಂದು ಹತ್ತಿರ ಹೋಗಲಿಲ್ಲ, ಹಾಗೇ ಬಸ್ಸಿಗೆ ತಿರುಗಿದ.

ಚೌಡವ್ವ ಈಗ ಹಿರೇಬೆಂಡಿಗೇರಿಯಲ್ಲಿದ್ದಾಳೆ. ಅತ್ತೆಗೆ ಕಣ್ಣು ಕಾಣಿಸುವುದಿಲ್ಲ. ಬೆಳಿಗ್ಗೆ ಅವಳಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟು ಎರಡೆಕರೆ ಹೊಲಕ್ಕೆ ಹೋಗುತ್ತಾಳೆ. ಸುಗ್ಗಿಯಲ್ಲಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾಳೆ.